ವೈನಿ, ಕುದುರಿ ಮತ್ತ ಐಸ್‌ಲ್ಯಾಂಡ್

ಐಸ್‌ಲ್ಯಾಂಡಿಗೆ ಹೊಂಟೇವಿ ಅಂದಾಗ ಧಾರವಾಡದಾಗ ಎಲ್ಲಾರೂ ಕೇಳಿದ್ದು ಒಂದ ಪ್ರಶ್ನಿ, ಅಲ್ಲೆ ಬರೇ ಬರ್ಫ ಇರ್ತೈತಲ್ಲೋ ಏನ್ ನೋಡಾಂವ್ ನೀ ಅಂತ. ಹೋಗಿದ್ದು ನಾಕ ಮಂದಿ, ನಾನು, ನಮ್ಮಾಕಿ, ಅಣ್ಣ, ವೈನಿ. ಪ್ಲ್ಯಾನ್ ಎಲ್ಲಾ ಅಣ್ಣಂದು, ಬ್ಯಾಂಕಿನಾಗ ಇದ್ದು ರಿಟೈರ್ ಆದಾಂವ, ಎಕ್ಸೆಲ್ ಶೀಟಿನಾಗ ಯಾವ ಫಾಲ್ಸಿಗೆ ಎಷ್ಟು ನಿಮಿಷ ಅನ್ನೋದ್ರ ತನಕಾ ಬರದಿದ್ದ. ಅದರಾಗ ಕುದುರಿ ಸವಾರಿ ಅಂತ ಎರಡ ತಾಸು ಸೇರಿಸಿದ್ದು ನಮ್ಮಾಕಿ. ಅದು ವೈನಿ ಕಣ್ಣಿಗೆ ಬಿತ್ತು ನೋಡ್ರಿ, ಎರಡ ತಾಸು ಎರಡ ದಿನ ಆತು! ವೈನಿ ತೌರಮನಿ ಗದಗ, ಅವರಪ್ಪ ಸ್ಟೇಶನ್ ಮುಂದ ಟಾಂಗಾ ಹೊಡೀತಿದ್ರು, ಕುದುರಿ ಜೋಡಿನ ಬೆಳದಾಕಿ. ಲಗ್ನಾಗಿ ಧಾರವಾಡಕ್ಕ ಬಂದಮ್ಯಾಲೆ ಕುದುರಿ ಮುಟ್ಟೇ ಇಲ್ಲ ಅಂತ ಅವರ ಹೇಳಿದ್ರು.

ಕುದುರಿ ಫಾರ್ಮಿನವರ ಕಡಿಂದ ಹೋಗೋಕಿನ ಮೊದ್ಲ ಮೇಲ್ ಬಂತು. ನಿಮ್ಮ ದೇಶದಾಗ ಕುದುರಿ ಹತ್ತಿರ ಬಳಸಿದ ಗ್ಲೌಸು, ಜೀನು, ಲಗಾಮು ಏನೂ ತರೂ ಹಂಗಿಲ್ಲ, ಬಳಸಿದ ಬಟ್ಟಿ ಬೂಟು ಇದ್ರ ತೊಳದು ಕ್ರಿಮಿನಾಶಕ ಹಾಕಿರಬೇಕು ಅಂತ. ನಮ್ಮ ಕಡೆ ಎಲ್ಲಿಂದ ಬರಬೇಕ್ರಿ ಅವೆಲ್ಲಾ, ಆದರೂ ಅಣ್ಣ ಹುಬ್ಬಳ್ಳಿ ಕೊಪ್ಪೀಕರ ರೋಡಿಗೆ ಹೋಗಿ ನಾಕೂ ಮಂದಿಗೆ ಹೊಸಾ ಬೂಟ ತಂದ. ವೈನಿ ಮಾತ್ರ ಒಂದ ಬ್ಯಾಗ್ ತುಂಬ ಖಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕೆಂಪ ಖಾರ ತುಂಬಿದ್ರು. ಅದು ಎಷ್ಟ ಚಲೋ ಮಾಡಿದ್ರು ಅಂತ ಅಲ್ಲಿ ಹೋಟೆಲ್ ಬಿಲ್ ನೋಡಿದಮ್ಯಾಲೆ ಗೊತ್ತಾತು.

ರವಿವಾರ

ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಕೆಫ್ಲಾವಿಕ್. ಶೆಂಗೆನ್ ವೀಸಾನ ನಡೀತೈತಿ, ಅದಕ್ಕಂತ ಬ್ಯಾರೆ ವೀಸಾ ಬೇಕಾಗಿಲ್ಲ. ವಿಮಾನ ಇಳಿಯೂವಾಗ ಕೆಳಗ ಕರ್ರಗ ಗುಡ್ಡಾ ಗುಡ್ಡಾ ಕಾಣ್ತಿತ್ತು, ಗಿಡಾನ ಇಲ್ಲ, ಬರೇ ಲಾವಾ ಕಲ್ಲು, ಅದರ ಮ್ಯಾಲೆ ಹಸರ ಪಾಚಿ. ಏರ್‌ಪೋರ್ಟಿಂದ ಸ್ವಲ್ಪ ದೂರದಾಗ ಗ್ರಿಂಡಾವಿಕ್ ಅಂತ ಮೀನುಗಾರರ ಊರು ಐತಿ, 2023ರ ನವೆಂಬರದಾಗ ಭೂಮಿ ಬಿರುಕ ಬಿಡಾಕ ಹತ್ತಿದಾಗ ರಾತ್ರೋರಾತ್ರಿ ಇಡೀ ಊರು ಖಾಲಿ ಮಾಡಿಸಿದ್ರು, ಮುಂದ ಡಿಸೆಂಬರದಿಂದ ಅಲ್ಲೆ ಒಂದರ ಹಿಂದ ಒಂದು ಲಾವಾ ಉಕ್ಕಾಕ ಶುರು ಆತು. ದೇಶದ ಜನಾ ಎಲ್ಲಾ ಸೇರಿ 4 ಲಕ್ಷನೂ ಇಲ್ಲ, ನಮ್ಮ ಹುಬ್ಬಳ್ಳಿ-ಧಾರವಾಡನ 2011ರ ಜನಗಣತಿಯಾಗ 9 ಲಕ್ಷ ದಾಟಿತ್ತು, ಆದರ ಜಾಗಾ ನೋಡ್ರಿ, ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ, 1,03,000 ಚದರ ಕಿಲೋಮೀಟರ್.

ಕಾರ್ ತಗೊಳ್ಳೋವಾಗ ಅಂಗಡಿ ಹುಡಗ ಒಂದ ಮಾತ ಮೂರ ಸಲ ಹೇಳಿದ, ಗಾಳಿಗೆ ಎದುರಾಗಿ ನಿಲ್ಲಸ್ರಿ, ಬಾಗಲಾ ಎರಡೂ ಕೈಲೆ ಹಿಡದು ತಗೀರಿ, ಇಲ್ಲಂದ್ರ ಗಾಳಿ ಬಾಗಲಾ ಕಿತ್ತಕೊಂಡ ಹೋಗ್ತೈತಿ, ಅದಕ್ಕ ಇನ್ಶೂರೆನ್ಸ್ ಸಿಗೂದಿಲ್ಲ ಅಂತ. ಅಣ್ಣ ನಕ್ಕ. ಪೆಟ್ರೋಲ್ ಬಂಕಿನಾಗ ಮನಶ್ಯಾನ ಇರೂದಿಲ್ಲ, ಕಾರ್ಡು ಹಾಕಿ ಪಿನ್ ಒತ್ತಿ ನಾವ ಹಾಕೋಬೇಕು. ಸಂಜಿಗೆ ರೇಕ್ಯಾವಿಕ್ ಊರಾಗ ಹಾಲ್‌ಗ್ರಿಮ್ಸ್‌ಕಿರ್ಕ್ಯಾ ಚರ್ಚ್ ನೋಡಿದ್ವಿ, 74.5 ಮೀಟರ್ ಎತ್ತರ, ಕಟ್ಟಾಕ 1945ರಿಂದ 1986ರ ತನಕಾ ತಗೊಂಡಾರ. ಮುಂದಿನ ಗ್ವಾಡಿ ಕಲ್ಲಿನ ಕಂಬ ಕಂಬ ನಿಲ್ಲಿಸಿದಂಗ ಐತಿ, ಅದು ಯಾಕ ಹಂಗ ಅನ್ನೋದು ಶುಕ್ರವಾರ ಸಮುದ್ರದ ದಂಡಿಗೆ ಹೋದಾಗ ತಿಳೀತು. ರೂಮಿನಾಗ ಬಿಸಿನೀರ ಬಿಟ್ರ ಕೊಳತ ತತ್ತಿ ವಾಸನಿ! ಭೂಮಿ ಒಳಗಿನ ಬಿಸಿನೀರ ಅದು, ಗಂಧಕದ ವಾಸನಿ, ಹತ್ತರಾಗ ಒಂಬತ್ತ ಮನಿ ಭೂಮಿ ಶಾಖದಿಂದನ ಬೆಚ್ಚಗಿರ್ತಾವಂತ. ಆದ್ರ ತಣ್ಣೀರು ಮಾತ್ರ ನಳದಿಂದ ಹಂಗ ಕುಡೀರಿ, ಬಾಟಲಿಗೆ ರೊಕ್ಕಾ ಹಾಕಬ್ಯಾಡ್ರಿ.

ಸೋಮವಾರ

ಥಿಂಗ್ವೆಲ್ಲಿರ್. ಕ್ರಿ.ಶ. 930ರಾಗ ದೇಶದ ಮಂದಿ ಎಲ್ಲಾ ಬಯಲಾಗ ಸೇರಿ ಸಭಾ ಮಾಡಾಕ ಶುರು ಮಾಡಿದ್ದ ಜಾಗಾ, ಆಲ್ಥಿಂಗ್ ಅಂತಾರ ಆ ಸಭಾಕ್ಕ. ಕಾನೂನು ಬರದಿಟ್ಟಿರಲಿಲ್ಲ, ಒಬ್ಬ ಮನಶ್ಯಾ ಕಲ್ಲಬಂಡಿ ಮ್ಯಾಲೆ ನಿಂತು ವರ್ಷಕ್ಕ ಮೂರ್‌ನೇ ಒಂದು ಭಾಗ ಬಾಯಿಪಾಠ ಹೇಳತಿದ್ದ, ಮೂರ ವರ್ಷಕ್ಕ ಪೂರ್ತಿ ಕಾನೂನ ಮುಗೀತು. ಅಮೆರಿಕಾ ಕಡಿ ಭೂಫಲಕ, ಯುರೋಪ್ ಕಡಿ ಭೂಫಲಕ ಎರಡೂ ಇಲ್ಲೆ ದೂರ ಸರಿಯಾಕ ಹತ್ಯಾವ, ವರ್ಷಕ್ಕ ಸುಮಾರು 2 ಸೆಂಟಿಮೀಟರ್, ನಡಕ ದೊಡ್ಡ ಕಂದಕ, ಅದರಾಗ ರಸ್ತಾ ಮಾಡ್ಯಾರ, ನಡಕೊಂತ ಹೋಗಬಹುದು.

ವೈನಿಗೆ ಇದು ಏನೂ ಹಿಡಸ್ಲಿಲ್ಲ. "ಕಟ್ಟಿದ್ದು ಎಲ್ಲೈತೋ ತಮ್ಮಾ? ನಮ್ಮ ಲಕ್ಕುಂಡಿಯಾಗ 1007ರ ಬಸದಿ ಇನ್ನೂ ನಿಂತೈತಿ, ಇವರು ಅದಕ್ಕಿಂತ ಮೊದಲಿನವರು, ಒಂದ ಕಂಬನೂ ಇಲ್ಲಲಾ" ಅಂದ್ರು. ಖರೇನ, ಒಂದ ಧ್ವಜ, ಒಂದ ಬೋರ್ಡು, ಉಳದದ್ದೆಲ್ಲಾ ಹುಲ್ಲು. ಅವಾಗ ನಮ್ಮಾಕಿ ಬೋರ್ಡ ಓದಿ ಹೇಳಿದ್ಲು, ಇಲ್ಲೆ ಸುಮಾರು ಕ್ರಿ.ಶ. 1000ದಾಗ ಇಡೀ ದೇಶ ಕ್ರಿಶ್ಚಿಯನ್ ಆಗೂದು ಅಂತ ನಿರ್ಣಯ ಆತು, ಕಾನೂನ ಹೇಳಾಂವ ಒಂದ ಹಗಲು ಒಂದ ರಾತ್ರಿ ಚಾದರ ಹೊತ್ತಕೊಂಡು ಮಲಗಿ ವಿಚಾರ ಮಾಡಿ ಎದ್ದು ಹೇಳಿದಾ, ಎಲ್ಲಾರೂ ಹೊಸಾ ಧರ್ಮಾ ತಗೊಳ್ರಿ, ಆದ್ರ ಕುದುರಿ ಮಾಂಸಾ ತಿನ್ನೂದಕ್ಕ ಅಡ್ಡಿ ಇಲ್ಲ ಅಂತ. "ಏನಂದಿ?" ಅಂದ್ರು ವೈನಿ. ಆವತ್ತು ರಾತ್ರಿ ಸೂಪರ್‌ಮಾರ್ಕೆಟ್ಟಿಗೆ ಹಾಲು ತರಾಕ ಹೋದಾಗ ಫ್ರಿಜ್ಜಿನಾಗ ಮರಿಕುದುರಿ ಮಾಂಸಾ ಅಂತ ಪಾಕೀಟ ಕಂಡ್ವು, ಅಂದ್ರ ಈಗೂ ತಿಂತಾರ. ವೈನಿ ಅಲ್ಲಿಂದ ಸೀದಾ ಹೊರಗ ಬಂದ್ರು, ಹಾಲು ನಾನ ತಗೊಂಡ ಬಂದೆ.

ನಡಕ ಗೇಸಿರ್ ಬಿಸಿನೀರ ಬುಗ್ಗಿ ಮತ್ತ ಗುಲ್‌ಫಾಸ್ ನೋಡಿದ್ವಿ. ಸ್ಟ್ರೋಕ್ಕೂರ್ ಬುಗ್ಗಿ ಆರೋ ಹತ್ತೋ ನಿಮಿಷಕ್ಕ ಒಮ್ಮೆ 15-20 ಮೀಟರ್ ಎತ್ತರಕ್ಕ ಹಾರತೈತಿ, ಚಿಮ್ಮೂಕಿಂತ ಮೊದ್ಲ ನೀರು ನೀಲಿ ಗುಮ್ಮಟ ಆಗಿ ಉಬ್ಬತೈತಿ, ಅದನ್ನ ಹಿಡೀಬೇಕು ಅಂತ ಅಣ್ಣ ಮೊಬೈಲ್ ಹಿಡಕೊಂಡ ನಿಂತಾಂವ ಪ್ರತಿ ಸಲಾನೂ ಬಟನ್ ಒತ್ತೂದರಾಗ ನೀರ ಕೆಳಗ. ಗುಲ್‌ಫಾಸ್ ಎರಡ ಹಂತದಾಗ 32 ಮೀಟರ್ ಬೀಳತೈತಿ. ಅಲ್ಲೆ ಕರೆಂಟ್ ತಯಾರ ಮಾಡ್ತೇವಿ ಅಂತ ಹೊಂಟಾಗ ಸಿಗ್ರಿದುರ್ ಅನ್ನೋ ರೈತರ ಮಗಳು ವರ್ಷಗಟ್ಟಲೆ ಹೋರಾಡಿದ್ಲು, ಆಕಿದೊಂದು ಕಲ್ಲ ಐತಿ ದಂಡಿಗೆ. ಮಹದಾಯಿ ನೀರಿಗೆ ಧರಣಿ ಕುಂತವರನ್ನ ನೋಡಿ ಬೆಳದ ನಮಗ, ನೀರು ಸುಮ್ನ ಬೀಳಲಿ ಬಿಡ್ರಿ ಅಂತ ಜಗಳಾಡಿದವರನ್ನ ನೋಡಿ ಒಂದ ಥರಾ ಅನ್ನಿಸ್ತು.

ಮಂಗಳವಾರ

ಮಳಿ. ಇಡೀ ದಿನಾ ಮಳಿ, ಅದೂ ಮ್ಯಾಲಿಂದ ಅಲ್ಲ, ಬಾಜೂಕಿಂದ ಬರ್ತೈತಿ, ಛತ್ರಿ ಹಿಡದವರು ನಾವೊಬ್ರ. ಫ್ರಿದ್‌ಹೈಮರ್ ಅಂತ ಗಾಜಿನಮನಿ ತೋಟದಾಗ ಟೊಮೆಟೊ ಗಿಡದ ನಡಕ ಟೇಬಲ್ ಹಾಕಿ ಟೊಮೆಟೊ ಸೂಪು, ಬ್ರೆಡ್ಡು ಕೊಡತಾರ. ಬಿಸಿನೀರಿನ ಶಾಖ, ದೀಪದ ಬೆಳಕು, ಪರಾಗಕ್ಕ ಪೆಟ್ಟಿಗ್ಯಾಗ ದುಂಬಿ, ಹಂಗ ವರ್ಷಪೂರ್ತಿ ಬೆಳೀತಾರ. ನಮ್ಮಂತಾ ಸಸ್ಯಾಹಾರಿಗಳಿಗೆ ದೇವರ ಜಾಗಾ, ಹಿಂದಿನ ಜೇಬಿನ್ಯಾಗಿಂದ ಗುರೆಳ್ಳ ಹಿಂಡಿ ತಗದು ಸೂಪಿಗೆ ಹಾಕ್ಕೊಂಡ್ರು ವೈನಿ. ಮಧ್ಯಾಹ್ನ ಫ್ಲೂದಿರ್‌ದಾಗ 1891ರ ಹಳೇ ಬಿಸಿನೀರ ಕೊಳಕ್ಕ ಇಳದ್ವಿ. ಅಲ್ಲಿ ಒಂದ ನಿಯಮ ಐತಿ, ಕೊಳಕ್ಕ ಇಳಿಯೂಕಿಂತ ಮೊದ್ಲ ಮೈಮ್ಯಾಲೆ ಏನೂ ಇಲ್ಲದ ಸಾಬಾಣ ಹಚ್ಚಿ ಸ್ನಾನಾ ಮಾಡಬೇಕು, ಎಲ್ಲಾರ ಮುಂದ. ಹೆಂಗಸರ ಕಡಿ ಏನಾತು ಅಂತ ನಮಗ ಹೇಳಿಲ್ಲ, ಕೇಳಿದ್ರ ಇಬ್ರೂ ನಗತಾರ.

ಸ್ಕೀರ್ ಅಂತ ಮೊಸರಿನಂಥಾದ್ದು ಎಲ್ಲಾ ಅಂಗಡ್ಯಾಗ ಸಿಗತೈತಿ, ಗಟ್ಟಿ. ರಾತ್ರಿ ವೈನಿ ಅದಕ್ಕ ಸಕ್ಕರಿ, ಯಾಲಕ್ಕಿ ಹಾಕಿ ಶ್ರೀಖಂಡ ಮಾಡಿದ್ರು. ಯಾಲಕ್ಕಿ ಧಾರವಾಡದಿಂದ ಬಂದಿತ್ತು ಅಂತ ಹೇಳೂದ ಬ್ಯಾಡ ಅನ್ರಿ.

ಬುಧವಾರ

ಇವತ್ತ ಕುದುರಿ. ಹೆಟ್ಲಾ ಅನ್ನೋ ಊರಿನ ಹತ್ತಿರ ಫಾರ್ಮು, ಮಳಿ ನಿಂತಿತ್ತು, ದೂರದಾಗ ಹೆಕ್ಲಾ ಜ್ವಾಲಾಮುಖಿ ಮೋಡದ ಟೊಪಗಿ ಹಾಕ್ಕೊಂಡಿತ್ತು, ಕಡಿಗೆ ಸಿಡದದ್ದು 2000ದಾಗ. ಹಳೇ ಕಾಲದಾಗ ಯುರೋಪಿನವರು ಇದನ್ನ ನರಕದ ಬಾಗಲಾ ಅಂತಿದ್ರಂತ. ಫಾರ್ಮಿನ ಯಜಮಾನಿ ಅರವತ್ತು ದಾಟಿದ ಹೆಣಮಗಳು, ಕೈ ಕುಲುಕಿದ್ರ ನಮ್ಮ ಬಳ್ಳ ಮುರೀಬೇಕು ಹಂಗ. ಮೊದ್ಲ ಎಲ್ಲಾರ ತೂಕಾ ಕೇಳಿದ್ಲು, ಅಣ್ಣ ಎಂಟ ಕೇಜಿ ಕಮ್ಮಿ ಹೇಳಿದಾ, ಆಕಿ ಅವನ ಹೊಟ್ಟಿ ಒಮ್ಮೆ ನೋಡಿ ದೊಡ್ಡ ಕುದುರಿನ ಕೊಟ್ಲು.

ದೊಡ್ಡ ಕುದುರಿ ಅಂದ್ರೂ ಗಿಡ್ಡನ. ಐಸ್‌ಲ್ಯಾಂಡ್ ಕುದುರಿ ಭುಜದ ಹತ್ರ ಸುಮಾರು 140 ಸೆಂಟಿಮೀಟರ್, ಆದ್ರ ಎಲವು ಗಟ್ಟಿ, ಉದ್ದನ್ನ ಜೂಲು ಕಣ್ಣ ಮ್ಯಾಲೆ ಇಳದಿರ್ತೈತಿ, ಚಳಿಗಾಲಕ್ಕ ಎರಡ ಪದರ ಕೂದಲಾ ಬರತಾವ, ವರ್ಷಪೂರ್ತಿ ಬಯಲಾಗ ಇರ್ತಾವ. ಇವನ್ನ ಪೋನಿ ಅಂದ್ರ ಅಲ್ಲಿ ಮಂದಿಗೆ ಸಿಟ್ಟ ಬರ್ತೈತಿ, ಹುಷಾರ್! 9-10ನೇ ಶತಮಾನದಾಗ ಮೊದ್ಲ ಬಂದ ನಾರ್ವೆ ಕಡಿ ಜನ ಹಡಗದಾಗ ಹಾಕ್ಕೊಂಡ ಬಂದ ಕುದುರಿ ಸಂತಾನ ಇದು, ಆಮ್ಯಾಲೆ ಹೊರಗಿನ ಕುದುರಿ ಒಳಗ ಬಿಟ್ಟೇ ಇಲ್ಲ. ಇನ್ನೊಂದ ಕಾನೂನು ಕೇಳ್ರಿ, ಇಲ್ಲಿ ಕುದುರಿ ಒಮ್ಮೆ ದೇಶಾ ಬಿಟ್ಟು ಹೋತಂದ್ರ ಮುಗೀತು, ತಿರುಗಿ ಬರೂ ಹಂಗಿಲ್ಲ. ಜರ್ಮನಿಯಾಗ ರೇಸಿಗೆ ಒಯ್ದ್ರ ಅಲ್ಲೆ ಮಾರಿ ಬರಬೇಕು. ಯಾಕಂದ್ರ ಹೊರಗಿನ ರೋಗ ಇವಕ್ಕ ಗೊತ್ತಿಲ್ಲ, ಒಂದ ಕುದುರಿ ರೋಗ ತಂದ್ರ ದೇಶದ ಎಪ್ಪತ್ತ-ಎಂಬತ್ತ ಸಾವಿರ ಕುದುರಿಗೂ ಬಡೀತೈತಿ. ಬೂಟಿಗೆ ಔಷಧ ಹಾಕ್ರಿ ಅಂತ ಯಾಕ ಬರದಿದ್ರು ಅನ್ನೋದು ಅವಾಗ ತಲಿಗೆ ಹೋತು.

ನನಗ ಸಿಕ್ಕಿದ್ದು ಬ್ಲೇಸಿ, ಹಣಿ ಮ್ಯಾಲೆ ಬಿಳಿ ಪಟ್ಟಿ, ಪುಣ್ಯಾತ್ಮ, ಹುಲ್ಲ ಕಂಡಲ್ಲೆ ನಿಲ್ಲತಿತ್ತು. ವೈನಿಗೆ ಸ್ಕ್ಯೋನಿ, ಕಂದು-ಬಿಳಿ ಬಂಡ. ನಮ್ಮನ್ನೆಲ್ಲಾ ಸ್ಟೂಲ್ ಮ್ಯಾಲೆ ಹತ್ತಿಸಿ ಕೂಡ್ರಸಿದ್ರು. ವೈನಿ ಚೂಡಿದಾರದ ಮ್ಯಾಲೆ ಕಿತ್ತಳಿ ರೇನ್‌ಕೋಟು, ತಲಿಗೆ ಹೆಲ್ಮೆಟ್, ಮೊದ್ಲ ಹೋಗಿ ಕುದುರಿ ಮೂಗಿನ ಮುಂದ ಅಂಗೈ ಹಿಡದ್ರು, ಕುತಗಿ ಸವರಿದ್ರು, ಬಾಗಿ ಮುಂದಿನ ಕಾಲ ಎತ್ತಿ ಗೊರಸು, ಲಾಳಾ ನೋಡಿದ್ರು. ಆಮ್ಯಾಲೆ ರಿಕಾಪಿನಾಗ ಕಾಲಿಟ್ಟು ಒಂದ ನೆಗತಕ್ಕ ಮ್ಯಾಲೆ. ಯಜಮಾನಿ ಅಷ್ಟೊತ್ತು ಅಣ್ಣನ ಕುದುರಿ ಪಟ್ಟಾ ಬಿಗಿ ಮಾಡಾಕ ಹತ್ತಿದಾಕಿ, ನಿಂತ ನೋಡಿದ್ಲು. ಯಾರ ಕಲಸಿದ್ರು ಅಂತ ಕೇಳಿದ್ಲು. ನಮ್ಮಾಕಿ ಇಂಗ್ಲಿಷಿನಾಗ ಟಾಂಗಾ ಅಂದ್ರ ಏನು ಅಂತ ತಿಳಿಸಿ ಹೇಳೂದ್ರೊಳಗ ವೈನಿ ಗೇಟ್ ದಾಟಿದ್ರು.

ಎಲ್ಲಾ ಕುದುರಿಗೂ ನಡಿಗಿ, ದುಡುಕೋಟ, ನಾಗಾಲೋಟ ಅಂತ ಇರ್ತಾವಲ್ರಿ, ಇವಕ್ಕ ಟೊಲ್ಟ್ ಅಂತ ನಾಕನೇದ್ದೂ ಐತಿ, ಕೆಲವಕ್ಕ ಸ್ಕೇದ್ ಅಂತ ಐದನೇದ್ದೂ ಇರ್ತೈತಿ. ಟೊಲ್ಟ್ ಅಂದ್ರ ನಾಕೂ ಕಾಲು ಒಂದಾದಮ್ಯಾಲೆ ಒಂದು ಬೀಳ್ತಾವ, ಯಾವಾಗ್ಲೂ ಒಂದ ಕಾಲರ ನೆಲಕ್ಕ ಇರ್ತೈತಿ, ಅದಕ್ಕ ಮ್ಯಾಲೆ ಕುಂತವರಿಗೆ ಕುಲುಕಾಟನ ಇಲ್ಲ. ಬಿಯರ್ ತುಂಬಿದ ಗ್ಲಾಸ್ ಹಿಡಕೊಂಡು ಓಡಸ್ತಾರಂತ, ಒಂದ ಹನಿ ಚೆಲ್ಲದಂಗ. ದುಡುಕೋಟದಾಗ ನನ್ನ ಬೆನ್ನ ಹುರಿ ಎಲ್ಲಾ ಅಲುಗಾಡಿ ಹೋಗಿತ್ತು, ಯಜಮಾನಿ ಬಂದು ಸ್ವಲ್ಪ ಹಿಂದ ಕುಂಡ್ರು, ಲಗಾಮು ಮ್ಯಾಲೆ ಎತ್ತಿ ಹಿಡಿ, ಕಾಲಲೆ ಒತ್ತು ಅಂದ್ಲು. ಬ್ಲೇಸಿ ಒಂದ ಸಲ ತಲಿ ಎತ್ತಿ ಟಕಟಕಟಕಟಕ ಅಂತ ಹೊಂಟಿತು ನೋಡ್ರಿ, ಕುಂತಲ್ಲೆ ಕುಂತೇನಿ, ಗಾಳಿ ಮಾತ್ರ ಮಾರಿಗೆ ಬಡೀತೈತಿ. ಧಾರವಾಡ-ಸವದತ್ತಿ ಬಸ್ಸಿನಾಗ ಹೋಗಿ ಬಂದ ಬೆನ್ನಿಗೆ ಇಷ್ಟ ಸುಖ ಸಿಕ್ಕಿದ್ದು ಇದ ಮೊದ್ಲು.

ಹೊಳಿ ಒಂದ ದಾಟಬೇಕಿತ್ತು, ಹಿಮದ ನೀರು, ಹಾಲಿಗೆ ಬೂದಿ ಕಲಸಿದ ಬಣ್ಣ. ಕುದುರಿ ಹೊಟ್ಟಿ ಮಟ ಬಂತು. ಅಣ್ಣ ಗಪ್ ಕುಂತಿದ್ದಾ, ನೀರಿನ ಕಡೆ ನೋಡಬ್ಯಾಡ್ರಿ, ಆಚಿ ದಂಡಿ ನೋಡ್ರಿ ಅಂತ ವೈನಿ ಅವಗ ಹೇಳಿದ್ರು, ಮೂವತ್ತ ವರ್ಷದ ಸಂಸಾರದಾಗ ಅಣ್ಣ ಅಷ್ಟ ಲಗೂನ ಮಾತ ಕೇಳಿದ್ದ ನಾ ನೋಡಿಲ್ಲ. ಆಚಿಗೆ ಹೋದಮ್ಯಾಲೆ ಬಯಲು ಸಿಕ್ತು, ವೈನಿ ಬಾಯಾಗ ಲೊಚ್ ಲೊಚ್ ಅಂದ್ರು, ಸ್ಕ್ಯೋನಿ ಕಿವಿ ಹಿಂದ ಮಾಡಿತು, ಹೋದ್ರು. ಯಜಮಾನಿನೂ ಅವರ ಹಿಂದ ಬಿಟ್ಲು. ಇಬ್ರೂ ಲಾವಾ ಗುಡ್ಡದ ಮೂಲಿಗೆ ಹೋಗಿ ಮಾಯ. ನಾವು ಮೂವರೂ ನಮ್ಮ ಕುದುರಿ ಹುಲ್ಲ ಮೇಯೂದನ್ನ ನೋಡಕೋತ ನಿಂತ್ವಿ, ಸುಮಾರ ಹೊತ್ತು.

ಊಟದಾಗ ವೈನಿ ಸುಮ್ನ ಇರದ ನಮ್ಮಾಕಿ ಕಡಿಂದ ಕೇಳಿಸೇ ಬಿಟ್ರು, ತಿನ್ನೋರೂ ನೀವು, ಹೆಸರಿಟ್ಟು ಮುದ್ದ ಮಾಡೋರೂ ನೀವು, ಹೆಂಗದು ಅಂತ. ಯಜಮಾನಿ ಏನೂ ಮಾರಿ ಸಣ್ಣ ಮಾಡ್ಲಿಲ್ಲ. ಹೌದು ಎರಡೂ, ಚಳಿಗಾಲಕ್ಕ ಎಲ್ಲಾ ಮರಿಗೂ ಹುಲ್ಲ ಹೊಂದಸಾಕ ಆಗೂದಿಲ್ಲ ಅಂದ್ಲು. ವೈನಿ ಖಟಕ ರೊಟ್ಟಿ ಮುರದು ಆಕಿ ಕೈಗೆ ಕೊಟ್ರು, ಸಿಟ್ಟ ಹೋಗಿರಲಿಲ್ಲ ಆದ್ರ ಕೊಟ್ರು.

ಗುರುವಾರ

ಎರಡನೇ ದಿನದ ಸವಾರಿಗೆ ನಾನೂ ಅಣ್ಣನೂ ಹೋಗ್ಲಿಲ್ಲ. ತೊಡಿ ಹಿಡದು ಸಂಡಾಸಕ್ಕ ಕುಂಡ್ರಾಕ ಬರ್ತಿರಲಿಲ್ಲ, ಇನ್ನ ಕುದುರಿ ಏನು. ಹೆಂಗಸರು ಹೋದ್ರು, ಸಂಜಿ ತನಕಾ ಬರಲೇ ಇಲ್ಲ. ರಾತ್ರಿ ಹಸರ ಬೆಳಕು ಕಾಣ್ತು ಆಕಾಶದಾಗ, ಕಣ್ಣಿಗೆ ಬೂದಿ ಬಣ್ಣದ ಮೋಡದಂಗ ಕಾಣೂದು ಮೊಬೈಲಿನಾಗ ಹಸರಾಗಿ ಬರ್ತೈತಿ, ಫೋಟೋ ನೋಡಿ ಆಸೆಪಟ್ಟು ಹೋಗೋರಿಗೆ ಇದೊಂದ ಹೇಳಿ ಇಡತೇನಿ.

ಶುಕ್ರವಾರ

ಅಣ್ಣನ ಎಕ್ಸೆಲ್ ಶೀಟಿಗೆ ಮರಳಿ ಬಂದ್ವಿ. ಸೆಲ್ಯಾಲಾಂಡ್ಸ್‌ಫಾಸ್, ಸುಮಾರ 60 ಮೀಟರ್ ಎತ್ತರದ ಫಾಲ್ಸ್, ನೀರಿನ ಹಿಂದಿಂದ ಸುತ್ತ ಹಾಕಿ ಬರಬಹುದು, ಪೂರ್ತಿ ತೊಯ್ಸಕೋತೀರಿ. ಸ್ಕೋಗಾಫಾಸೂ ಅಷ್ಟ ಎತ್ತರ, ಅಗಲ 25 ಮೀಟರ್, ನನ್ನ ಕೇಳಿದ್ರ ಇದು ಜಾಸ್ತಿ ಚಲೋ, ಆದ್ರ ಟೂರಿಸ್ಟ್ ಬಸ್ಸು ನಮ್ಮ ಸಿಬಿಟಿ ಬಸ್ ನಿಲ್ದಾಣ ನಾಚೂ ಹಂಗ ನಿಂತಿದ್ವು. ಅದರ ಮ್ಯಾಲೆನ ಎಯ್ಯಾಫ್ಯಾಟ್ಲಾಯೋಕುಟ್ಲ್ ಜ್ವಾಲಾಮುಖಿ, 2010ರ ಏಪ್ರಿಲದಾಗ ಬೂದಿ ಉಗುಳಿ ಯುರೋಪಿನ ವಿಮಾನ ಎಲ್ಲಾ ನೆಲಕ್ಕ ಕೂಡ್ರಿಸಿದ್ದು ಇದ. ಹೆಸರ ಹೇಳಾಕ ಅಣ್ಣ ರಸ್ತಾ ಉದ್ದಕ್ಕೂ ಪ್ರಾಕ್ಟೀಸ್ ಮಾಡಿದಾ, ಆಗ್ಲಿಲ್ಲ.

ರೇನಿಸ್‌ಫ್ಯಾರಾ ಕರೇ ಉಸುಕಿನ ದಂಡಿ, ಅಲ್ಲಿ ಲಾವಾ ತಣ್ಣಗಾಗಿ ಆರ ಮೂಲಿ ಕಂಬ ಕಂಬ ಆಗ್ಯಾವ, ರೇಕ್ಯಾವಿಕ್ ಚರ್ಚಿನ ಗ್ವಾಡಿ ಥೇಟ್ ಇದ. ಸಮುದ್ರಕ್ಕ ಬೆನ್ನ ಮಾಡಬ್ಯಾಡ್ರಿ ಅಂತ ದೊಡ್ಡ ಬೋರ್ಡು ಹಾಕ್ಯಾರ, ಸಣ್ಣ ಸಣ್ಣ ತೆರಿ ಬಂದು ಬಂದು ಒಮ್ಮೆಲೆ ಒಂದ ಭಾರೀ ತೆರಿ ಬರ್ತೈತಿ, ಎಳಕೊಂಡ ಹೋಗ್ತೈತಿ, ಜೀವಾ ಹೋಗ್ಯಾವ ಅಲ್ಲೆ. ಬೋರ್ಡ್ ಓದಿದ ಮಂದಿನ ಸೆಲ್ಫಿಗಾಗಿ ನೀರಿಗೆ ಬೆನ್ನ ಹಚ್ಚಿ ನಿಂತಿದ್ರು, ಎಲ್ಲಾ ದೇಶದವರೂ.

ಶನಿವಾರ

ಫಾರ್ಮಿನ ಯಜಮಾನಿನ ಕರದಿದ್ಲು, ರೆಟ್ಟಿರ್ ಐತಿ ಬರ್ರಿ ಅಂತ, ಅಂದ್ರ ಬೆಟ್ಟದಿಂದ ಕುರಿ ಇಳಿಸಿ ಬ್ಯಾರೆ ಬ್ಯಾರೆ ಮಾಡೂ ದಿನ. ಇದು ಎಕ್ಸೆಲ್‌ದಾಗ ಇರಲಿಲ್ಲ. ಜೂನ್ ಸುಮಾರಿಗೆ ಕುರಿ ಮರಿ ಎಲ್ಲಾ ಬೆಟ್ಟದ ಗೋಮಾಳಕ್ಕ ಹೊಡದ ಬಿಡತಾರ, ಬ್ಯಾಸಗಿ ಪೂರ್ತಿ ಕಾಯಾವರು ಇಲ್ಲದ ಮೇಯ್ತಾವ, ಸೆಪ್ಟೆಂಬರ್ ಬಂತಂದ್ರ ಊರವರು ಕುದುರಿ ಹತ್ತಿ ಹೋಗಿ ಕೆಲವು ಕಡೆ ವಾರಗಟ್ಟಲೆ ಹುಡಿಕಿ ಕೆಳಗ ಹೊಡಕೊಂಡ ಬರತಾರ. ಅವರ ಮುಂದಾಳಿಗೆ ಬೆಟ್ಟದ ರಾಜ ಅಂತ ಕರೀತಾರ. ಗುಡ್ಡದ ಮೂಲಿಂದ ಕುರಿ ಇಳಿಯಾಕ ಹತ್ತಿದ್ವು, ಬಿಳಿ, ಕರಿ, ಕಂದು, ಹಿಂದ ಕುದುರಿ, ನಾಯಿ, ಕೂಗಾಟ.

ನಡಕ ದುಂಡನ್ನ ದೊಡ್ಡ ಕಟಾಂಜನ, ಅದರ ಸುತ್ತ ಒಂದೊಂದ ಮನಿದ್ದು ಒಂದೊಂದ ದೊಡ್ಡಿ. ಕುರಿ ಎಲ್ಲಾ ನಡಕ ತುಂಬತಾರ, ಆಮ್ಯಾಲೆ ಮುದುಕ್ರು ಹುಡುಗ್ರು ಎಲ್ಲಾ ಒಳಗ ಇಳದು ಕಿವಿ ಗುರ್ತು ನೋಡಿ, ಕೋಡ ಹಿಡದು, ಎರಡ ಕಾಲ ನಡಕ ಹಾಕ್ಕೊಂಡು ತಮ್ಮ ತಮ್ಮ ದೊಡ್ಡಿಗೆ ಎಳೀತಾರ. ಪ್ರತಿ ಮನಿಗೂ ಕಿವಿ ಕತ್ತರಿಸೂ ಗುರ್ತು ಬ್ಯಾರೆ ಬ್ಯಾರೆ, ಅದು ರಿಜಿಸ್ಟರ್ ಆಗಿರ್ತೈತಿ. ವೈನಿ ಕಟಾಂಜನದ ಮ್ಯಾಲೆ ಕುಂತು ನೋಡಿ ನೋಡಿ ಹೇಳಿದ್ರು, ನಮ್ಮ ಕಡೆ ಹಾವೇರಿ, ಗದಗ ಹೊಲದಾಗ ಕುರುಬರು ಹಿಂಡ ತರಬತಾರಲಾ, ಅವರ ಜೋಡಿನೂ ಸಾಮಾನ ಹೊತ್ತ ತಟ್ಟು ಕುದುರಿ ಇರ್ತಾವ, ಆದ್ರ ಅವರು ಒಂದ ರಾತ್ರಿನೂ ಹಿಂಡ ಬಿಟ್ಟು ಮಲಗೂದಿಲ್ಲ, ಇವರು ಮೂರ ತಿಂಗಳ ಬಿಟ್ಟ ಬಿಡತಾರಲ್ಲೋ, ತೋಳ ಇಲ್ಲೇನ ಇಲ್ಲೆ? ಕೇಳಿಸಿದ್ವಿ. ತೋಳ ಇಲ್ಲ, ನರಿ ಐತಿ, ಕಳ್ಳರು ಇಲ್ಲ. ಕಡೀದು ಕೇಳಿ ಅಣ್ಣ "ಸಾಧ್ಯ ಇಲ್ಲ" ಅಂದ.

ನಮ್ಮಾಕಿನೂ ಒಂದ ಮರಿ ಎಳದ್ಲು. ಎಳದ್ಲು ಅನ್ನೋದಕ್ಕಿಂತ ಮರಿ ಆಕಿನ್ನ ಬ್ಯಾರೆಯವರ ದೊಡ್ಡಿಗೆ ಒಯ್ತು, ಆ ಮನಿ ಅಜ್ಜ ನಕ್ಕೋತ ಮರಿನ್ನೂ ಆಕಿನ್ನೂ ವಾಪಸ್ ಕಳಿಸಿದಾ. ಮಧ್ಯಾಹ್ನ ಆದಂಗ ಬಾಟ್ಲಿ ಹೊರಗ ಬಂದ್ವು, ಕೊಳ್ಳಾಗ ಕೈ ಹಾಕ್ಕೊಂಡು ನಿಂತು ಹಾಡಾಕ ಶುರು ಮಾಡಿದ್ರು. ಮಾಂಸದ ಸಾರು ಕೊಡಾಕ ಬಂದ್ರು, ನಾವ ಬ್ಯಾಡಂತ ಕೈ ಮುಗದು ಬ್ರೆಡ್ಡು ತಿಂದ್ವಿ. ಅವರೆಲ್ಲಾರೂ ಹಾಕ್ಕೊಂಡಿದ್ದು ಕೊಳ್ಳ ಸುತ್ತ ದುಂಡಗ ಚಿತ್ತಾರ ಇರೂ ಉಣ್ಣಿ ಸ್ವೆಟರು, ಲೋಪಾಪೇಸಾ. ಭಾಳ ಹಳೇದು ಅನ್ಕೊಂಡಿದ್ವಿ, ಆ ದುಂಡ ಚಿತ್ತಾರದ ರೂಢಿ ಬಂದಿದ್ದು 1950ರ ಆಸುಪಾಸು ಅಷ್ಟ. ಉಣ್ಣಿ ಮಾತ್ರ ಎರಡ ಥರದ್ದು, ಹೊರಗಿಂದು ಉದ್ದ, ನೀರ ತಡೀತೈತಿ, ಒಳಗಿಂದು ಮೆತ್ತಗ. ವೈನಿ ಮುಟ್ಟಿ, ನಮ್ಮ ಕಂಬಳಿ ಇದಕ್ಕಿಂತ ಚುಚ್ಚತೈತಿ ಖರೆ ಆದ್ರ ಮಳಿಗೆ ಅದ ಗಟ್ಟಿ ಅಂತ ಹೇಳಿ, ಆಮ್ಯಾಲೆ ಎರಡ ಸ್ವೆಟರ್ ತಗೊಂಡ್ರು.

ರವಿವಾರ

ಏರ್‌ಪೋರ್ಟಿನಾಗ ಸ್ವೆಟರಿನ ಟ್ಯಾಕ್ಸ್ ವಾಪಸ್ ತಗೊಂಡ್ವಿ, ಬಿಲ್ಲು ಕಳಕೋಬ್ಯಾಡ್ರಿ. ಕಾರಿನ ಬಾಗಲಾ ಎಲ್ಲಾ ಸುರಕ್ಷಿತ.

ಹೋಗೋರಿದ್ರ ಸೆಪ್ಟೆಂಬರ್ ಎರಡನೇ-ಮೂರನೇ ವಾರ ನೋಡ್ರಿ, ರೆಟ್ಟಿರ್ ಅವಾಗ ಇರ್ತಾವ, ಬ್ಯಾಸಗಿ ಗದ್ದಲಾನೂ ಕಮ್ಮಿ ಆಗಿರ್ತೈತಿ. ಕುದುರಿ ಸವಾರಿ ಎರಡ ತಾಸಿಂದು ತಗೋಬ್ಯಾಡ್ರಿ, ಅದರಾಗ ಹೆಲ್ಮೆಟ್ ಹಾಕೂದು ಫೋಟೋ ಹೊಡಿಯೂದರಾಗನ ಹೊತ್ತ ಹೋಗತೈತಿ, ಪೂರ್ತಿ ದಿನದ್ದ ತಗೋರಿ, ಫಾಲ್ಸ್ ಒಂದೆರಡ ಕಮ್ಮಿ ಆದ್ರೂ ಅಡ್ಡಿಲ್ಲ. ಮುಂದಿನ ದಿನಕ್ಕ ಮಾತ್ರ ಏನೂ ಇಟ್ಕೋಬ್ಯಾಡ್ರಿ. ಮತ್ತ ತೂಕಾ ಖರೇ ಹೇಳ್ರಿ.